ಹಿಮಾಲಯದ ಕೆರೆಗೆ ಮೊದಲ ಸಲ ಹೊರಟೀವಿ, ಹೋಗಿ ಬಂದವರು ಹೇಳ್ರಿ

ಕೇಳಿದವರು, ಗಂಗಾವತಿ:
ನಾವು ಐದು ಜನ ಗೆಳೆಯರು. ಇಬ್ಬರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತೀವಿ, ಒಬ್ಬಂದು ಮೆಡಿಕಲ್ ಶಾಪು, ಇನ್ನಿಬ್ಬರು ಬೆಂಗಳೂರಲ್ಲಿ ಸಾಫ್ಟ್‌ವೇರ್. ಸೆಪ್ಟೆಂಬರ್ ಕೊನೆಗೆ ಉತ್ತರಾಖಂಡದ ರೂಪಕುಂಡಕ್ಕೆ ಹೋಗೋಣ ಅಂತ ಮಾತಾಗಿದೆ. ಅಸ್ಥಿಪಂಜರದ ಕೆರೆಯ ರೀಲ್ಸ್ ನೋಡಿ ನೋಡಿ ಹುಚ್ಚು ಹಿಡಿದಿದೆ. ಆದರೆ ಒಬ್ಬರು ಬಂದ್ ಆಗೇತಿ ಅಂತಾರೆ, ಒಬ್ಬ ಏಜೆಂಟ್ "ಬನ್ನಿ, ಮಾಡಿಸಿಕೊಡ್ತೀವಿ" ಅಂತಾನೆ. ಅದಾಗದಿದ್ರೆ ಹಿಮಾಚಲದ ಚಂದ್ರತಾಲ್ ಕೆರೆ ಅಂತ ಇನ್ನೊಬ್ಬನ ಹಟ. ನಮ್ಮಲ್ಲಿ ಯಾರೂ ಹಿಮ ಮುಟ್ಟಿಲ್ಲ. ಯಾವ ಕೆರೆ, ತಯಾರಿ ಹೆಂಗೆ, ಜನಜಂಗುಳಿ ಎಷ್ಟಿರುತ್ತೆ? ನಿಜ ಹೇಳ್ರಿ.

ಬಳ್ಳಾರಿಯಿಂದ, ಬ್ಯಾಂಕ್ ನೌಕರ:
ರೂಪಕುಂಡ ಬಂದ್ ಆಗುವ ಮುಂಚೆ ಹೋಗಿ ಬಂದವನು ನಾನು. ಲೋಹಾಜಂಗ್, ವಾಣ್, ಅಲ್ಲಿಂದ ಬೇದಿನಿ ಬುಗ್ಯಾಲ್, ಪಾತರ್ ನಚೌನಿ, ಕಾಲು ವಿನಾಯಕ, ಭಗುವಾಬಾಸಾ, ಕೊನೆಗೆ ಸುಮಾರು 5,000 ಮೀಟರ್ ಎತ್ತರದಲ್ಲಿ ಕೆರೆ. ಬುಗ್ಯಾಲ್ ಅಂದ್ರೆ ಕಾಡು ಮುಗಿದ ಮೇಲೆ ಸಿಗುವ ಹುಲ್ಲುಗಾವಲು. ಬೇದಿನಿಯಲ್ಲಿ ನಾನು ಕಂಡದ್ದು ಹುಲ್ಲಿಗಿಂತ ಹೆಚ್ಚು ಟೆಂಟು. ಮಳೆನೀರು ಒಳಗೆ ಬರಬಾರದು ಅಂತ ಪ್ರತಿ ಟೆಂಟಿನ ಸುತ್ತ ಹುಲ್ಲು ಕಿತ್ತು ಕಾಲುವೆ ತೋಡಿದ್ರು. ಒಂದು ತಂಡ ಎದ್ದು ಹೋದರೆ ಮತ್ತೊಂದು ಬಂದು ಅದರ ಪಕ್ಕದಲ್ಲೇ ಇನ್ನೊಂದು ತೋಡೋದು. ಸಾಮಾನು ಹೊತ್ತ ಹೇಸರಗತ್ತೆಗಳ ಗೊರಸಿಗೆ ಸಿಕ್ಕ ದಾರಿ ಮೊಣಕಾಲುದ್ದ ಕೆಸರು. ಆ ಚಳಿಯಲ್ಲಿ ವರ್ಷದಲ್ಲಿ ಹುಲ್ಲು ಬೆಳೆಯೋದೇ ಕೆಲವು ತಿಂಗಳು. ಒಮ್ಮೆ ಕಿತ್ತ ಪದರ ಮತ್ತೆ ಕೂಡಿಕೊಳ್ಳೋಕೆ ಎಷ್ಟೋ ವರ್ಷ ಬೇಕು, ಅಷ್ಟರೊಳಗೆ ಮಳೆ ಮಣ್ಣನ್ನೇ ಒಯ್ದಿರುತ್ತೆ.

2018ರ ಆಗಸ್ಟಿನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗೋದನ್ನೇ ನಿಷೇಧಿಸಿತು. ಹೋಗುವವರ ಸಂಖ್ಯೆ 200 ಮೀರಬಾರದು ಅಂತಲೂ ಹೇಳಿತು. ಬೇದಿನಿಯ ಆಚೆ ಟೆಂಟ್ ಹಾಕದೆ ರೂಪಕುಂಡ ಮುಟ್ಟಿ ಬರೋದು ನಿಮ್ಮಂಥ ಹೊಸಬರಿಗೆ ಆಗದ ಮಾತು. ಹಾಗಾಗಿ ಕೆರೆಯ ದಾರಿ ಮುಚ್ಚಿದಂತೆಯೇ. ನಿಮ್ಮ ಏಜೆಂಟನಿಗೆ ಒಂದೇ ಪ್ರಶ್ನೆ ಕೇಳಿ: ಯಾವ ರಾತ್ರಿ ಎಲ್ಲಿ ಮಲಗಿಸ್ತೀಯಪ್ಪಾ, ಅರಣ್ಯ ಇಲಾಖೆಯ ಪರ್ಮಿಟ್ ಮೇಲೆ ಆ ಜಾಗದ ಹೆಸರು ಇರುತ್ತಾ? ಉತ್ತರ ತೊದಲಿದರೆ ಮುಂಗಡ ಕೊಡಬೇಡಿ.

ರಾಯಚೂರಿನಿಂದ, ಕಾಲೇಜು ಉಪನ್ಯಾಸಕಿ:
ಅಸ್ಥಿಪಂಜರದ ವಿಷಯಕ್ಕೆ ಒಂದು ಮಾತು. 1942ರಲ್ಲಿ ಅರಣ್ಯ ರೇಂಜರ್ ಒಬ್ಬರ ಕಣ್ಣಿಗೆ ಬಿದ್ದ ಮೂಳೆಗಳವು. ಒಂದೇ ಆಲಿಕಲ್ಲು ಮಳೆಗೆ ಎಲ್ಲರೂ ಸತ್ತರು ಅಂತ ರೀಲ್ಸ್‌ನವರು ಇನ್ನೂ ಹೇಳ್ತಾ ಇದ್ದಾರೆ. ನಮ್ಮ ಪಕ್ಕದ ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಸೇರಿ 38 ಜನರ ಡಿಎನ್‌ಎ ನೋಡಿದರು, 2019ರಲ್ಲಿ ಪ್ರಕಟವಾಯಿತು. 23 ಮಂದಿ ದಕ್ಷಿಣ ಏಷ್ಯಾ ಮೂಲದವರು, ಕ್ರಿ.ಶ. 800ರ ಆಸುಪಾಸಿನವರು. 14 ಮಂದಿ ಪೂರ್ವ ಮೆಡಿಟರೇನಿಯನ್ ಕಡೆಯವರು, ಸಾವಿರ ವರ್ಷ ತಡವಾಗಿ ಬಂದು ಸತ್ತವರು. ಇನ್ನೊಬ್ಬ ಆಗ್ನೇಯ ಏಷ್ಯಾ ಮೂಲದವನು. ಅವರು ಅಲ್ಲಿಗೆ ಯಾಕೆ ಬಂದರು ಅನ್ನೋದಕ್ಕೆ ಉತ್ತರ ಸಿಕ್ಕಿಲ್ಲ. ಉತ್ತರ ಇದ್ದರೆ ಅದು ಆ ಮೂಳೆಗಳಲ್ಲೇ ಇರಬೇಕು, ಅವನ್ನೇ ನಮ್ಮ ಜನ ಫೋಟೋಕ್ಕೆ ಬಂಡೆ ಮೇಲೆ ಜೋಡಿಸಿಟ್ಟರು, ಕೆಲವರು ಚೀಲಕ್ಕೂ ಹಾಕಿಕೊಂಡು ಬಂದರು. ಸ್ಮಶಾನದಿಂದ ಹಾಗೆ ಯಾರಾದರೂ ಎತ್ತಿಕೊಂಡು ಬರ್ತಾರೇನ್ರೀ?

ಆನೆಗೊಂದಿ ಕಡೆಯವ:
ನಾ ಹಿಮಾಲಯ ನೋಡಿಲ್ರೀ, ಆದ್ರ ವಿರೂಪಾಪುರ ಗಡ್ಡಿ ನೋಡೀನಿ. ಹೊಳಿ ಆಚಿ ಹಂಪಿ, ಈಚಿ ಗಡ್ಡಿ. 2020ರ ಫೆಬ್ರವರಿದಾಗ ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚ್‌ನ್ಯಾಗ ಜೆಸಿಬಿ ಬಂದು ರೆಸಾರ್ಟ್ ಎಲ್ಲಾ ಕೆಡವಿದ್ವು. ಕಟ್ಟಿದ್ದು ಸರಿ ಇರಲಿಲ್ಲ, ಅದು ಒಪ್ಪೋ ಮಾತ. ಆದ್ರ ರೊಕ್ಕ ಇದ್ದವ್ರು ಬ್ಯಾರೆ ಕಡೆ ಹೋಗಿ ಕಟ್ಟಿಸಿದ್ರು. ಪಾತ್ರಿ ತೊಳಿಯೋ ಹೆಣ್ಮಕ್ಕಳು, ಹರಗೋಲು ಹಾಕೋರು, ಗಾಡಿ ಬಾಡಿಗಿ ಕೊಡೋರು ಮನ್ಯಾಗ ಕುಂತ್ರು. ಮಂದಿ ಎಲ್ಲಿಗೆ ಹೋತು? ಸಾಣಾಪುರ ಕೆರಿಗೆ ಬಂತು. ಗದ್ದಲ ಕಡಿಮಿ ಆಗಲಿಲ್ಲ, ಜಾಗ ಬದಲಾತು ಅಷ್ಟ. ಬಂದ್ ಮಾಡಿದ್ದು ಚಲೋ ಆತು ಅಂತ ಚಪ್ಪಾಳಿ ಹೊಡಿಯೋಕಿಂತ ಮೊದ್ಲು ಆ ವಾಣ್ ಊರಿನ ಗೈಡ್ ಹುಡುಗ್ರು ಈಗ ಏನ್ ಮಾಡ್ತಾರ ಅಂತ ಕೇಳ್ರಿ.

ಬಳ್ಳಾರಿಯಿಂದ, ಬ್ಯಾಂಕ್ ನೌಕರ:
ಅಣ್ಣಾರು ಹೇಳಿದ್ದು ಅಲ್ಲಿಗೂ ಹೊಂದುತ್ತೆ. ರೂಪಕುಂಡ ಮುಚ್ಚಿದ ಮೇಲೆ ಅದೇ ಲೋಹಾಜಂಗಿನಿಂದ ಹೊರಡುವ ಬ್ರಹ್ಮತಾಲ್‌ಗೆ ಜನ ತಿರುಗಿದರು. ಸಣ್ಣ ಕೆರೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ, ತ್ರಿಶೂಲ್ ಮತ್ತು ನಂದಾ ಘುಂಟಿ ಶಿಖರಗಳು ಎದುರಿಗೇ ಕಾಣ್ತಾವೆ. ಡಿಸೆಂಬರ್ ರಜೆಯಲ್ಲಿ ಹೋದರೆ ಜಾತ್ರೆ. ದಯವಿಟ್ಟು ಆಗ ಹೋಗಬೇಡಿ.

ಸಂಡೂರಿನಿಂದ, ಗಣಿ ಕಂಪನಿ ಉದ್ಯೋಗಿ:
ಚಂದ್ರತಾಲ್ ಬಗ್ಗೆ. ಸುಮಾರು 14,000 ಅಡಿ, 2005ರಿಂದ ರಾಮ್ಸರ್ ಪಟ್ಟಿಯಲ್ಲಿದೆ, ಅಂದ್ರೆ ಕಾಪಾಡಬೇಕಾದ ಕೆರೆ-ಜೌಗುಗಳ ಅಂತರರಾಷ್ಟ್ರೀಯ ಪಟ್ಟಿ. ಹತ್ತಿರದವರೆಗೂ ಗಾಡಿ ಹೋಗುತ್ತೆ, ಕೊನೆಗೆ ಸ್ವಲ್ಪವೇ ನಡಿಗೆ. ಅಪಾಯ ಅಲ್ಲೇ ಇರೋದು. 2020ರಲ್ಲಿ 9 ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಲ್ಲಿ ತಿಂಡಿ ತಿಂದು ಸಂಜೆಗೆ ಕೆರೆ ಹತ್ತಿರ ಟೆಂಟು ಅನ್ನೋ ಪ್ಲಾನ್ ಶುರುವಾಗಿದೆ. 2,000 ಮೀಟರಿಂದ 4,000 ಮೀಟರಿಗೆ ಒಂದೇ ದಿನದಲ್ಲಿ! ನಮ್ಮ ಗಾಡಿಯಲ್ಲಿದ್ದವರಲ್ಲಿ ಅರ್ಧ ಜನ ಆ ರಾತ್ರಿ ವಾಂತಿ ಮಾಡ್ತಾ ಕೂತಿದ್ದರು, ಕೆರೆ ನೋಡೋದಿರಲಿ. ದಂಡೆ ಮೇಲೆ ಟೆಂಟ್ ಹಾಕೋಕೆ ಬಿಡಲ್ಲ, ಕ್ಯಾಂಪ್ ದೂರದಲ್ಲಿವೆ, ಅದು ಒಳ್ಳೇದೇ. ಆದರೂ ಕಲ್ಲಿನ ಸಂದಿಯಲ್ಲಿ ವೆಟ್ ವೈಪ್ಸ್, ಮ್ಯಾಗಿ ಕವರು. ಆ ಚಳಿಗೆ ಮಲವೂ ಬೇಗ ಕೊಳೆಯಲ್ಲ. ವೆಟ್ ವೈಪ್ಸ್‌ನಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಎಳೆಯವೇ, ಹೂತರೂ ಹಾಗೇ ಇರ್ತಾವೆ. ಬಳಸಿದ್ದನ್ನು ಒಂದು ಚೀಲಕ್ಕೆ ಹಾಕಿ ಕೆಳಗೆ ತನ್ನಿ. ನಾಚಿಕೆ ಪಡುವಂಥದ್ದೇನಿಲ್ಲ.

ತಿನ್ನೋಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿರಿ. ಕೆಡಲ್ಲ, ಕವರ್ ಇಲ್ಲ, ಒಲೆ ಬೇಕಿಲ್ಲ. ಅಷ್ಟು ಎತ್ತರದಲ್ಲಿ ನೀರು 86–87 ಡಿಗ್ರಿಗೇ ಕುದಿಯೋದರಿಂದ ಬೇಳೆ ಬೇಯೋಕೆ ಗ್ಯಾಸ್ ಸುಮ್ಮನೆ ಉರಿಯುತ್ತೆ. ಅಡುಗೆಯವನು ನನ್ನ ರೊಟ್ಟಿ ನೋಡಿ ಹಪ್ಪಳ ಅಂದ್ಕೊಂಡಿದ್ದ.

ರಾಯಚೂರಿನಿಂದ, ವೈದ್ಯ:
ಗಂಗಾವತಿ ಇರೋದು ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸಿನಲ್ಲಿ. 5,000 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಜಿಮ್ ದೇಹ ಇದ್ದವನಿಗೂ ಎತ್ತರದ ಕಾಯಿಲೆ ಬರುತ್ತೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಂತಲ್ಲೇ ಇರಿ. ತಲೆನೋವಿನ ಜೊತೆ ವಾಕರಿಕೆ ಬಂದರೆ ಅಲ್ಲಿಂದ ಮೇಲೆ ಹತ್ತಬೇಡಿ. ನಡಿಗೆ ತೂರಾಡಿದರೆ, ಮಾತು ಅಡ್ಡಾದಿಡ್ಡಿಯಾದರೆ, ಕೂತಲ್ಲೇ ಉಸಿರು ಕಟ್ಟಿದರೆ ರಾತ್ರಿಯಾದರೂ ಕೆಳಗೆ ಇಳಿಸಿ, ಬೆಳಗಾಗಲಿ ಅಂತ ಕಾಯಬೇಡಿ.

ಎತ್ತರದ ಕಾಯಿಲೆ ಬರದಂತೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಗೆಳೆಯನ ಶಾಪಿನಿಂದ ತಂದು ಹಾಗೇ ನುಂಗಬೇಡಿ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳಲೇಬೇಕು. ಇನ್ನು ಚಳಿ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದಿಂದ ಹೋದ ತಂಡದ 9 ಜನ ತೀರಿಕೊಂಡರು. ಬಿಸಿಲು ಕಾಯುವ ಜೂನ್ ತಿಂಗಳದು, ನೆನಪಿರಲಿ. ಒದ್ದೆಯಾಗದ ಜಾಕೆಟ್ಟು, ಒಣಗಿದ ಒಂದು ಜೊತೆ ಬಟ್ಟೆ ಬ್ಯಾಗಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟುಕೊಳ್ಳಿ.

ಕೊಪ್ಪಳದಿಂದ, ವಿದ್ಯಾರ್ಥಿ:
ಎಲ್ಲರೂ ಹೋಗಿ ಬಂದು, ಫೋಟೋ ಹಾಕಿ, ಆಮೇಲೆ ನಮಗೆ ಮಾತ್ರ ಹೋಗಬೇಡಿ ಅಂತ ಬುದ್ಧಿ ಹೇಳ್ತೀರಿ. ಇದೆಂಥಾ ನ್ಯಾಯ?

ಬಳ್ಳಾರಿಯಿಂದ, ಬ್ಯಾಂಕ್ ನೌಕರ:
ನ್ಯಾಯವಾದ ಪ್ರಶ್ನೆ ತಮ್ಮಾ. ಹೋಗಲೇಬೇಡಿ ಅಂತ ನಾನು ಹೇಳ್ತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಮೇಲಿನ ಜನರ ಸಾಲು ನೀನೂ ನೋಡಿರ್ತೀಯ, ಅದಾದ ಮೇಲೆ ನಮ್ಮ ಅರಣ್ಯ ಇಲಾಖೆಯೇ ಚಾರಣಕ್ಕೆ ಆನ್‌ಲೈನ್ ಟಿಕೆಟ್ ತಂದಿತು. ಎಲ್ಲರೂ ಒಂದೇ ವಾರ ಒಂದೇ ಕೆರೆಗೆ ಬೀಳೋದು ನಿಲ್ಲಬೇಕು ಅಷ್ಟೇ.

ಮೊದಲ ಸಲಕ್ಕೆ ನನ್ನ ಓಟು ಡೋಡಿತಾಲ್‌ಗೆ. ಉತ್ತರಕಾಶಿ ಹತ್ತಿರ ಸಂಗಮ್ ಚಟ್ಟಿಯಿಂದ ನಡಿಗೆ, ಎತ್ತರ 3,000 ಮೀಟರ್ ಆಸುಪಾಸು, ಓಕ್ ಮತ್ತು ದೇವದಾರು ಕಾಡಿನ ನಡುವೆ ಕೆರೆ, ದಂಡೆಗೆ ಗಣೇಶನ ಗುಡಿ. ಅಸ್ಸಿ ಗಂಗಾ ಹೊಳೆ ಹುಟ್ಟೋದು ಅಲ್ಲೇ. ದಾರಿಯ ಅಗೋಡಾ ಊರಿನಲ್ಲಿ ಮನೆಗಳಲ್ಲೇ ಉಳಿಯಬಹುದು. ನೀವು ಕೊಡುವ ದುಡ್ಡು ನೇರ ಆ ಮನೆಯವರ ಕೈಗೆ ಹೋಗುತ್ತೆ. ಗೈಡ್ ಕೂಡ ಅದೇ ಊರಿನವರನ್ನೇ ಹಿಡಿಯಿರಿ. ರೀಲ್ಸ್‌ನಲ್ಲಿ ಅಷ್ಟು ಚಂದ ಕಾಣಲ್ಲ, ಅದೂ ಒಂದು ಲಾಭವೇ.

ಕೇಳಿದವರು, ಗಂಗಾವತಿ:
ಎಲ್ಲರಿಗೂ ಶರಣು. ರೂಪಕುಂಡ ಕೈಬಿಟ್ವಿ. ಮೆಡಿಕಲ್ ಶಾಪಿನವ ಒಬ್ಬ ಇನ್ನೂ ಚಂದ್ರತಾಲ್ ಅಂತಾನೆ, ಅವನಿಗೆ ಡಾಕ್ಟರ್ ಸಾಹೇಬರ ಉತ್ತರ ಓದಿಸ್ತೀನಿ. ಪ್ರಾಕ್ಟೀಸ್ ಎಲ್ಲಿ ಮಾಡೋದು? ರೈಲು?

ಸಂಡೂರಿನಿಂದ, ಗಣಿ ಕಂಪನಿ ಉದ್ಯೋಗಿ:
ಮನೆ ಹಿಂದೆ ಅಂಜನಾದ್ರಿ ಇಟ್ಕೊಂಡು ಕೇಳ್ತೀರಲ್ರೀ! 575 ಮೆಟ್ಟಿಲು. ಬೆಳಕು ಹರಿಯೋ ಮುಂಚೆ ಏಳೆಂಟು ಕೆಜಿ ಚೀಲ ಹೊತ್ತು ಹತ್ತಿ ಇಳಿಯಿರಿ, ಈಗಿಂದಲೇ. ಇಳಿಯೋದನ್ನು ತಪ್ಪಿಸಬೇಡಿ, ಮೊಣಕಾಲು ಬಾಯಿ ಬಿಡೋದು ಇಳಿಯುವಾಗ. ಶನಿವಾರ ಮಾತ್ರ ಹೋಗಬೇಡಿ, ಭಕ್ತರ ನೂಕುನುಗ್ಗಲು. ರೈಲಿಗೆ ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ದೆಹಲಿ, ಅಲ್ಲಿಂದ ಡೆಹ್ರಾಡೂನ್ ಅಥವಾ ಹೃಷಿಕೇಶ, ಮುಂದೆ ಉತ್ತರಕಾಶಿಗೆ ಬಸ್ಸು. ಸೆಪ್ಟೆಂಬರಿನಲ್ಲಿ ಮಳೆ ಹಿಂದೆ ಸರಿಯುತ್ತಿದ್ದರೂ ಗುಡ್ಡ ಕುಸಿದು ರಸ್ತೆ ಕಟ್ಟೋದು ಮಾಮೂಲು. ಹಿಂತಿರುಗುವ ಟಿಕೆಟ್ಟನ್ನು ಎರಡು ದಿನ ಬಿಟ್ಟು ತೆಗೆಸಿ, ಮಿಲ್ಲಿನ ಮಾಲೀಕರಿಗೂ ಅದನ್ನೇ ಹೇಳಿಡಿ.