ಹತ್ತು ಜನರಿಗೆ ಕಳಿಸಿ

ಶಂಕರ ಚಿಕ್ಕಪ್ಪ (ಫಾರ್ವರ್ಡ್): ಎಚ್ಚರ!! ಸ್ಕಿಜೋಫ್ರೇನಿಯಾ ಮಾತ್ರೆ, ಖಿನ್ನತೆಯ ಮಾತ್ರೆ ಒಟ್ಟಿಗೆ ನುಂಗಿದರೆ ವಿಷ. ಇವತ್ತೇ ನಿಲ್ಲಿಸಿ. ಹತ್ತು ಜನರಿಗೆ ಕಳಿಸಿ 🙏

ಶಂಕರ ಚಿಕ್ಕಪ್ಪ: ಸರೋಜಕ್ಕ, ನಿನ್ನ ಮಗನಿಗೆ ಎರಡೂ ಕೊಡುತ್ತಿದ್ದಾರೆ ಅಲ್ವಾ?

ವೀಣಕ್ಕ: ಚಿಕ್ಕಪ್ಪ, ಮೊದಲು ಇದನ್ನು ಅಳಿಸಿ. ಓದಿದವರು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು.

ಶಂಕರ ಚಿಕ್ಕಪ್ಪ: ಹಾಗಾದ್ರೆ ಸುಳ್ಳಾ? ಫಾರ್ಮಸಿ ಓದಿದವಳು ನೀನೇ ಹೇಳು.

ವೀಣಕ್ಕ: ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೀನ್ ಜೊತೆ ಖಿನ್ನತೆಯ ಮಾತ್ರೆ ಫ್ಲುವಾಕ್ಸಮೀನ್ ಕೊಟ್ಟರೆ ರಕ್ತದಲ್ಲಿ ಕ್ಲೋಜಪೀನ್ 5–10 ಪಟ್ಟು ಏರಬಹುದು. ಲಿವರಿನಲ್ಲಿ ಅದನ್ನು ಒಡೆಯುವ ಕಿಣ್ವ ಇದೆ, ಸಿವೈಪಿ1ಎ2 ಅಂತ. ಫ್ಲುವಾಕ್ಸಮೀನ್ ಅದರ ಕೈ ಕಟ್ಟಿಹಾಕುತ್ತದೆ. ಜಾಸ್ತಿಯಾದರೆ ಫಿಟ್ಸ್ ಬರಬಹುದು. ಖಿನ್ನತೆಯ ಬೇರೆ ಮಾತ್ರೆಗಳಾದ ಫ್ಲುವಾಕ್ಸೆಟೀನ್, ಪ್ಯಾರಾಕ್ಸೆಟೀನ್ ತಡೆಯುವುದು ಇನ್ನೊಂದು ಕಿಣ್ವವನ್ನು. ಆಗ ಸ್ಕಿಜೋಫ್ರೇನಿಯಾದ ಇನ್ನೊಂದು ಮಾತ್ರೆ ರಿಸ್ಪೆರಿಡೋನ್ ಏರುತ್ತದೆ, ಕೈ ನಡುಕ, ಮೈ ಬಿಗಿತ.

ನಾನು: ಹೆಸರೆಲ್ಲ ಒಂದೇ ತರ ಇದೆಯಲ್ಲಕ್ಕಾ.

ವೀಣಕ್ಕ: ಅಂಗಡಿಯಲ್ಲಿ ನಮಗೂ ಅದೇ ಭಯ ಕಣೋ. ಖಿನ್ನತೆಗೇ ಕೊಡುವ ಸರ್ಟ್ರಲಿನ್ ಮಾಮೂಲಿ ಪ್ರಮಾಣದಲ್ಲಿ ಇಷ್ಟು ಕಾಟ ಕೊಡುವುದಿಲ್ಲ.

ಶಂಕರ ಚಿಕ್ಕಪ್ಪ: ಒಂದು ಕಾಯಿಲೆಗೆ ಎರಡು ತರದ ಮಾತ್ರೆ ಯಾಕೆ? ಸುಮ್ನೆ ದುಡ್ಡಿಗೆ.

ವೀಣಕ್ಕ: ದನಿ ಕೇಳಿಸುವುದು ನಿಂತ ಮೇಲೂ ಹಾಸಿಗೆ ಬಿಟ್ಟು ಏಳಲಾಗದವರು ಇದ್ದಾರೆ. ನೀವು ಬಿಪಿಗೊಂದು, ಶುಗರಿಗೊಂದು ನುಂಗುವುದಿಲ್ವಾ?

ಸರೋಜತ್ತೆ: ಶಂಕರ, ನನ್ನ ಮಗನ ವಿಷಯ ಗುಂಪಿನಲ್ಲಿ ಹಾಕಬೇಡ ಅಂತ ಎಷ್ಟು ಸಲ ಹೇಳಿದ್ದೇನೆ?

ಶಂಕರ ಚಿಕ್ಕಪ್ಪ: ಕಾಳಜಿಯಿಂದ ಹಾಕಿದೆ ಅಕ್ಕ.

ಸರೋಜತ್ತೆ: ಕಾಳಜಿ ಇದ್ದವನು ಫೋನ್ ಮಾಡಬೇಕಿತ್ತು. ಹಾಕಿಯಾಯ್ತು, ಇನ್ನೇನು. ವೀಣಾ, ಅವನಿಗೆ ಕ್ಲೋಜಪೀನ್, ಸರ್ಟ್ರಲಿನ್ ಎರಡು ವರ್ಷದಿಂದ ಇದೆ. ಚೆನ್ನಾಗೇ ಇದ್ದ. ಈಗ ಹತ್ತು ದಿನದಿಂದ ಹಗಲೆಲ್ಲ ತೂಕಡಿಕೆ. ದಿಂಬೆಲ್ಲ ಜೊಲ್ಲು.

ವೀಣಕ್ಕ: ಹೊಸ ಮಾತ್ರೆ ಏನಾದರೂ? ಸಿಗರೇಟು ಸೇದುತ್ತಾನಾ?

ಸರೋಜತ್ತೆ: ದಿನಕ್ಕೊಂದು ಪ್ಯಾಕ್ ಸೇದುತ್ತಿದ್ದ. ಯುಗಾದಿಗೆ ಬಿಟ್ಟೇಬಿಟ್ಟ! ದೇವರಿಗೆ ತುಪ್ಪದ ದೀಪ ಹಚ್ಚಿದೆ.

ವೀಣಕ್ಕ: ಅಯ್ಯೋ ಅತ್ತೆ. ಸಿಗರೇಟಿನ ಹೊಗೆ ಕ್ಲೋಜಪೀನ್ ಒಡೆಯುವ ಅದೇ ಕಿಣ್ವವನ್ನು ಚುರುಕು ಮಾಡುತ್ತದೆ. ನಿಕೋಟಿನ್ ಅಲ್ಲ, ಹೊಗೆ. ಬಿಟ್ಟಾಗ ಅದೇ ಡೋಸ್ ಮೈಯಲ್ಲಿ ಜಾಸ್ತಿ ಉಳಿಯುತ್ತದೆ. ಡಾಕ್ಟರಿಗೆ ಹೇಳಿದಿರಾ?

ಸರೋಜತ್ತೆ: ಸಿಗರೇಟು ಬಿಟ್ಟಿದ್ದನ್ನೂ ಹೇಳಬೇಕಾ?

ವೀಣಕ್ಕ: ಈಗಲೇ ಹೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಎಷ್ಟು ಇಳಿಸಬೇಕು ಅಂತ ಅವರು ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ. ಫೋನ್ ಸಿಗದಿದ್ದರೆ ಇವತ್ತೇ ಕರೆದುಕೊಂಡು ಹೋಗಿ.

(ಈ ಮೆಸೇಜ್ ಅಳಿಸಲಾಗಿದೆ)

ಶಂಕರ ಚಿಕ್ಕಪ್ಪ: ಅಕ್ಕ, ಕಾರು ತರುತ್ತೇನೆ. ಅವನನ್ನು ಎಬ್ಬಿಸು.