ಪೋಸ್ಟ್‌ಗ್ರೆಸ್‌ನಲ್ಲಿರುವ ಅಂಕಿ ಗುರಿ ತಂತ್ರಾಂಶಕ್ಕೆ ತಾನಾಗಿ ಹೋಗುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಮ್ಮ ತಂಡದ ತ್ರೈಮಾಸಿಕ ಗುರಿಗಳೆಲ್ಲ ಒಂದು ಗುರಿ ನಿರ್ವಹಣೆ ತಂತ್ರಾಂಶದಲ್ಲಿವೆ. ಮುಖ್ಯವಾದದ್ದು ಚಂದಾ ನವೀಕರಣದ ಸಂಖ್ಯೆ. ಅದರ ಅಸಲಿ ಲೆಕ್ಕ ಇರುವುದು ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ. ಪ್ರತಿ ಸೋಮವಾರ ನಾನು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡಿಸಿ, ಬಂದ ಅಂಕಿಯನ್ನು ಕೈಯಿಂದ ತುಂಬುತ್ತೇನೆ. ನಾನು ರಜೆಯಲ್ಲಿದ್ದರೆ ಹಳೆಯ ಅಂಕಿಯನ್ನೇ ನಂಬಿ ಸಭೆಯಲ್ಲಿ ನಿರ್ಧಾರಗಳಾಗುತ್ತವೆ. ಅದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ. ತಂತ್ರಾಂಶದಲ್ಲಿ ಡೇಟಾಬೇಸ್ ಜೋಡಿಸುವ ಪುಟವೇನೋ ಇದೆ: ಸರ್ವರ್ ವಿಳಾಸ, ಪೋರ್ಟ್, ಪಾಸ್‌ವರ್ಡ್, ಒಂದು ಕ್ವೆರಿ ಕೇಳುತ್ತದೆ. ಆದರೆ ಡೇಟಾಬೇಸಿಗೆ ಸಂಪರ್ಕ ಬರುವ 5432 ಪೋರ್ಟನ್ನು ಹೊರಗಿನವರಿಗೆ ತೆರೆಯಲು ನಮ್ಮ ಡೇಟಾಬೇಸ್ ನೋಡಿಕೊಳ್ಳುವವರು ಸುತರಾಂ ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 1

ಅವರು ಒಪ್ಪದಿರುವುದೇ ಸರಿ. ತಂತ್ರಾಂಶ ಒಳಗೆ ಬಂದು ಕೇಳುವುದು ಬೇಡ, ನೀವೇ ಹೊರಗೆ ಕಳುಹಿಸಿ. ನಿಮ್ಮ ಜಾಲದೊಳಗೇ ಒಂದು ಚಿಕ್ಕ ಸ್ಕ್ರಿಪ್ಟ್ ಇರಲಿ. ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್ ಅದನ್ನು ದಿನಕ್ಕೊಮ್ಮೆ ಎಬ್ಬಿಸಲಿ. ಅದು ಅಂಕಿಯನ್ನು ಓದಿ, ತಂತ್ರಾಂಶದ ಎಪಿಐಗೆ (ಬೇರೆ ಪ್ರೋಗ್ರಾಂಗಳಿಂದ ಮಾಹಿತಿ ಪಡೆಯುವ ದ್ವಾರ) ಟೋಕನ್ (ಗುರುತಿನ ಗುಪ್ತ ಕೀಲಿ) ಜೊತೆ ಎಚ್‌ಟಿಟಿಪಿಎಸ್ ಮೂಲಕ ಕಳುಹಿಸುತ್ತದೆ. ಯಾವ ಪೋರ್ಟನ್ನೂ ತೆರೆಯಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು: ಕ್ವೆರಿಯನ್ನು ಸ್ಕ್ರಿಪ್ಟಿನಲ್ಲಿ ಬರೆಯಬೇಡಿ. ‘ನವೀಕರಣ’ ಎಂದರೆ ಯಾವುದು? ಹಣ ಮರಳಿಸಿದ್ದು ಲೆಕ್ಕಕ್ಕೆ ಬರುತ್ತದೆಯೇ? ಪ್ರಾಯೋಗಿಕ ಖಾತೆಗಳು? ಈ ತೀರ್ಮಾನಗಳು ಡೇಟಾಬೇಸಿನೊಳಗೆ, ಒಂದು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಆಗಿ, ಒಂದೇ ಕಡೆ ಇರಬೇಕು. ಇಲ್ಲದಿದ್ದರೆ ವರದಿಯಲ್ಲಿ ಒಂದು ಅಂಕಿ, ಗುರಿಯಲ್ಲಿ ಇನ್ನೊಂದು. ಸ್ಕ್ರಿಪ್ಟಿನ ಬಳಕೆದಾರನಿಗೆ ಆ ವ್ಯೂ ಮೇಲೆ ಸೆಲೆಕ್ಟ್ (ಓದುವ) ಅನುಮತಿ ಮಾತ್ರ ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ ಸಾಮಾನ್ಯವಾಗಿ ತನ್ನ ಒಡೆಯನ ಅಧಿಕಾರದಿಂದಲೇ ಟೇಬಲ್‌ಗಳನ್ನು ಓದುತ್ತದೆ. ಹಾಗಾಗಿ ಮೂಲ ಟೇಬಲ್‌ಗಳ ಅನುಮತಿಯೇ ಅವನಿಗೆ ಬೇಕಿಲ್ಲ. ಆ ಬಳಕೆದಾರನ ಪಾಸ್‌ವರ್ಡ್ ಸೋರಿದರೂ ಗ್ರಾಹಕರ ಹೆಸರು, ವಿಳಾಸ ಸುರಕ್ಷಿತ.

ಉತ್ತರ 2

ಮೇಲಿನದಕ್ಕೆ ನನ್ನ ಪೂರ್ಣ ಸಹಮತ. ವ್ಯೂ ಬರೆಯುವಾಗ ತ್ರೈಮಾಸಿಕದ ಕೊನೆಯ ದಿನದ ಬಗ್ಗೆ ಎಚ್ಚರವಿರಲಿ. ಕಾಲಂನಲ್ಲಿ ಸಮಯವೂ ಇದ್ದು, ನೀವು ಬಿಟ್ವೀನ್ (ಇಂಥದ್ದರಿಂದ ಇಂಥದ್ದರವರೆಗೆ) ಬಳಸಿ ಮಾರ್ಚ್ 31ರವರೆಗೆ ಎಂದರೆ, 31ರ ನಡುರಾತ್ರಿ 00:00ಕ್ಕೇ ಲೆಕ್ಕ ನಿಲ್ಲುತ್ತದೆ. ಇಡೀ ದಿನ ಕೈಬಿಟ್ಟುಹೋಗುತ್ತದೆ, ಅದೂ ಎಲ್ಲರೂ ಗುರಿ ಮುಟ್ಟಲು ಓಡಾಡುವ ದಿನ! ಜನವರಿ 1ರಿಂದ, ಏಪ್ರಿಲ್ 1ಕ್ಕಿಂತ ಮೊದಲು ಎಂದು ಬರೆಯಿರಿ. ಟೈಮ್ ಝೋನ್ ಅನ್ನೂ ವ್ಯೂನಲ್ಲೇ ಸ್ಪಷ್ಟವಾಗಿ ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವ್ಯೂ ಯೋಚನೆಗೆ ನಮ್ಮ ಡೇಟಾಬೇಸಿನವರೂ ಕೂಡಲೇ ಒಪ್ಪಿದರು. ಇನ್ನೊಂದು ಸಂದೇಹ: ದಿನದಿನದ ಹೆಚ್ಚಳವನ್ನಷ್ಟೇ ಕಳುಹಿಸಲೇ, ಒಟ್ಟು ಮೊತ್ತವನ್ನೇ?

ಉತ್ತರ 1

ಒಟ್ಟು ಮೊತ್ತವನ್ನೇ. ಜಾಲ ಕಡಿದು ಸ್ಕ್ರಿಪ್ಟ್ ಮತ್ತೆ ಓಡಿದಾಗ ಹೆಚ್ಚಳ ಎರಡು ಸಲ ಸೇರಿಬಿಡುತ್ತದೆ. ಒಟ್ಟು ಮೊತ್ತವನ್ನು ಎಷ್ಟು ಸಲ ಕಳುಹಿಸಿದರೂ ಫಲಿತಾಂಶ ಅದೇ. ಹಿಂದಿನ ವಾರದ ಚಂದಾ ಇಂದು ರದ್ದಾದರೆ ಅದೂ ತಾನಾಗಿ ಸರಿಹೋಗುತ್ತದೆ. ಮುಂದೆ ಆದಾಯದ ಗುರಿಯನ್ನೂ ಜೋಡಿಸುವುದಾದರೆ ಇದನ್ನು ನೆನಪಿಡಿ: ಸಾಲುಗಳೇ ಇಲ್ಲದಾಗ ಎಣಿಸುವ ಕೌಂಟ್ ಸೊನ್ನೆ ಕೊಡುತ್ತದೆ, ಕೂಡಿಸುವ ಸಮ್ ಮಾತ್ರ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಕೊಡುತ್ತದೆ. ತ್ರೈಮಾಸಿಕದ ಮೊದಲ ಬೆಳಿಗ್ಗೆಯೇ ಸ್ಕ್ರಿಪ್ಟ್ ಮುಗ್ಗರಿಸದಂತೆ ಕೋಅಲೆಸ್ ಹಾಕಿ ಆ ನಲ್ ಅನ್ನು ಸೊನ್ನೆಯಾಗಿಸಿ.

ಅಂಕಿಯ ಜೊತೆ ಅದನ್ನು ಓದಿದ ದಿನಾಂಕ, ಸಮಯವನ್ನೂ ಟಿಪ್ಪಣಿಯಾಗಿ ಕಳುಹಿಸಿ. ಸ್ಕ್ರಿಪ್ಟ್ ನಿಂತುಹೋದರೆ ಸಭೆಯಲ್ಲಿರುವವರಿಗೆ ಅದು ಹಳೆಯ ಅಂಕಿ ಎಂದು ಅಲ್ಲೇ ಕಾಣುತ್ತದೆ.