ಪದಚರ್ಚೆ: ‘ಮಿಸ್‌ಫೈರ್ ಆಯಿತು’ ಎಂದರೆ ಗುಂಡು ಹಾರಿತೇ, ಹಾರಲಿಲ್ಲವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ರೈತರಿಗಾಗಿ ಸಣ್ಣದೊಂದು ಸುರಕ್ಷತಾ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ಒಂದು ಸಾಲು: ‘ಮಿಸ್‌ಫೈರ್ ಆದಾಗ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು 30 ಸೆಕೆಂಡು ಕಾಯಿರಿ.’ ಕರಡು ಓದಿದವರು ಕೇಳುತ್ತಿರುವುದು ಇಷ್ಟು: ಗುಂಡು ಹಾರಿಹೋದ ಮೇಲೆ ಕಾಯುವುದೇಕೆ? ಅವರ ಪ್ರಶ್ನೆಯಲ್ಲಿ ತಪ್ಪೇನೂ ಕಾಣದು. ‘ಮಿಸ್‌ಫೈರ್ ಆಗಿ ಯುವಕ ಸಾವು’ ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯ. ಹಾಗಾದರೆ ಕೈಪಿಡಿಯಲ್ಲಿ ಯಾವ ಪದ ಬಳಸಬೇಕು?

ಜೊತೆಗೆ ಇನ್ನೆರಡು. ಗುಂಡು, ತೋಟಾ, ಕಾಡತೂಸು, ಈಡು ಇವುಗಳನ್ನು ಒಂದರ ಬದಲು ಇನ್ನೊಂದು ಹಾಕಬಹುದೇ? ಚುನಾವಣೆಯ ಹೊತ್ತಿಗೆ ಕೋವಿಯನ್ನು ‘ಠೇವಣಿ ಇಡಿ’ ಎನ್ನುವುದು ಓದುಗರಿಗೆ ಸರಿಯಾಗಿ ತಲುಪುತ್ತದೆಯೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ

ನಮಸ್ಕಾರ. ಗೊಂದಲ ಅನುವಾದದಲ್ಲಿಲ್ಲ. ಕನ್ನಡಕ್ಕೆ ಬಂದ ಮೇಲೆ ಆ ಪದವೇ ಅರ್ಥ ತಿರುಗಿಸಿಕೊಂಡಿದೆ. ಕೋವಿ ರಿಪೇರಿ ಮಾಡುವವರ, ತರಬೇತಿ ಕೊಡುವವರ ಬಾಯಲ್ಲಿ ಮಿಸ್‌ಫೈರ್ ಎಂದರೆ ಟ್ರಿಗರ್ ಎಳೆದರೂ ಈಡು (ಒಂದು ಸಲದ ಹೊಡೆತ) ಹಾರದೆ ಉಳಿದದ್ದು. ಪತ್ರಿಕೆಯಲ್ಲಿ ಅದೇ ಪದಕ್ಕೆ ಹಾರಬಾರದ ಹೊತ್ತಿನಲ್ಲಿ ಹಾರಿದ್ದು ಎಂದರ್ಥ. ಎರಡೂ ಪೂರ್ತಿ ಎದುರುಬದುರು. ಕಥೆ ಕಾದಂಬರಿಯಲ್ಲಾದರೆ ಸಂದರ್ಭ ನೋಡಿ ಓದುಗರು ಸುಧಾರಿಸಿಕೊಂಡಾರು. ಕೈಪಿಡಿಯಲ್ಲಿ ಹಾಗೆ ಬಿಡಬಾರದು, ಏಕೆಂದರೆ ಆ 30 ಸೆಕೆಂಡು ಕಾಯದೆ ಹೋದರೆ ಕಣ್ಣೋ ಕೈಯೋ ಹೋಗುತ್ತದೆ.

ಟ್ರಿಗರ್ ಎಳೆದಾಗ ಕುದುರೆ (ಕೋವಿಯ ಬಡಿಯುವ ಸುತ್ತಿಗೆ) ಬಡಿದ ‘ಟಕ್’ ಸದ್ದು ಮಾತ್ರ ಕೇಳಿತು, ಈಡು ಹಾರಲಿಲ್ಲ ಎನ್ನೋಣ. ಆ ಕ್ಷಣದಲ್ಲಿ ಅದು ಕೆಟ್ಟ ತೋಟಾವೋ, ಒಳಗೆ ಮೆಲ್ಲಗೆ ಹೊತ್ತಿಕೊಳ್ಳುತ್ತಿರುವ ತೋಟಾವೋ ಹೊರಗಿನಿಂದ ತಿಳಿಯುವುದಿಲ್ಲ. ಎರಡನೆಯದಾದರೆ ಒಂದೆರಡು ಸೆಕೆಂಡು ತಡವಾಗಿ, ಅಪರೂಪಕ್ಕೆ ಇನ್ನೂ ತಡವಾಗಿ, ಈಡು ಹಾರುತ್ತದೆ. ಅಷ್ಟರಲ್ಲಿ ಕೋವಿಯನ್ನು ನಡುವೆ ಮಡಚಿ ತೆರೆದು ನೋಡಿದರೆ ತೋಟಾಕ್ಕೆ ಸುತ್ತಲಿನ ಉಕ್ಕಿನ ಆಸರೆ ತಪ್ಪಿ, ಅದು ಬಯಲಲ್ಲೇ ಸಿಡಿದು ಹಿತ್ತಾಳೆಯ ಚೂರುಗಳು ಮುಖಕ್ಕೆ ಬಡಿಯುತ್ತವೆ. ಕಾಯುವುದು ಇದಕ್ಕಾಗಿ. ತೋಟಾ ಕೋವಿಗೆ 30 ಸೆಕೆಂಡು ಸಾಕು. ನಳಿಗೆಯ ಬಾಯಿಯಿಂದ ಮದ್ದು ಜಡಿಯುವ, ಕೇಪು (ಕುದುರೆ ಬಡಿದಾಗ ಕಿಡಿ ಕೊಡುವ ಸಣ್ಣ ಲೋಹದ ಟೋಪಿ) ಕೂರಿಸುವ ಕೇಪಿನ ಕೋವಿಗೆ ಕನಿಷ್ಠ ಒಂದು ನಿಮಿಷ ಎಂದು ಬೇರೆಯಾಗಿಯೇ ಬರೆಯಿರಿ. ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಕೇಪಿನ ಕೋವಿಗಳೂ ಇರುವುದರಿಂದ (1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆ ಎನ್ನುವಾಗ ಹೆಸರಿಸುವುದೇ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು) ಈ ಸಾಲು ಬಿಟ್ಟುಹೋಗಬಾರದು.

ಈಡು ಏಕೆ ಹಾರುವುದಿಲ್ಲ ಎಂಬುದನ್ನೂ ಒಂದು ಪ್ಯಾರಾದಲ್ಲಿ ಹೇಳಿದರೆ ಪದ ತಾನಾಗಿ ತಿಳಿಯಾಗುತ್ತದೆ. ಕೇಪಿನ ಕೋವಿಯಲ್ಲಿ ಹೆಚ್ಚಾಗಿ ಮಳೆಗಾಲದ ಥಂಡಿಗೆ ಮದ್ದು ನೆನೆದಿರುತ್ತದೆ. ಇಲ್ಲವೇ ಕೇಪು ಕೂರಿಸುವ ಮೊಳೆಯ ತೂತು ಮಸಿಯಿಂದ ಕಟ್ಟಿಕೊಂಡಿರುತ್ತದೆ. ಒರೆಸಿಟ್ಟ ಮೇಲೆ ನಳಿಗೆಯ ತಳದಲ್ಲಿ ಉಳಿದ ಎಣ್ಣೆಯೂ ಮದ್ದನ್ನು ಕೆಡಿಸುತ್ತದೆ. ಕೇಪು ಪೂರ್ತಿ ಕೂರದಿದ್ದರೆ ಕುದುರೆಯ ಮೊದಲ ಹೊಡೆತ ಅದನ್ನು ಕೆಳಕ್ಕೆ ಒತ್ತುವುದರಲ್ಲೇ ಮುಗಿಯುತ್ತದೆ. ತೋಟಾ ಕೋವಿಯಲ್ಲಾದರೆ ಸ್ಪ್ರಿಂಗ್ ಸಡಿಲವಾಗಿರುವುದು, ಬಡಿಯುವ ಪಿನ್ನು ಸವೆದಿರುವುದು, ತೋಟಾ ಹಳತಾಗಿರುವುದು ಕಾರಣ. ಕಾದ ಮೇಲೆ ತೋಟಾವನ್ನು ತೆಗೆದು ಬೇರೆ ಇಡಬೇಕು. ಒಳ್ಳೆಯ ತೋಟಾಗಳಿರುವ ಜೇಬಿಗೆ ಮತ್ತೆ ಹಾಕಬಾರದು. ಕೇಪಿನ ಕೋವಿಯಾದರೆ ನಳಿಗೆಯ ದಿಕ್ಕು ಬದಲಿಸದೆ ತೂತನ್ನು ತೆಳು ತಂತಿಯಿಂದ ಬಿಡಿಸಿ, ಹೊಸ ಕೇಪು ಇಟ್ಟು ಮತ್ತೊಮ್ಮೆ ಹಾರಿಸಿ ನೋಡಬೇಕು. ಆಗಲೂ ಹಾರದಿದ್ದರೆ ಕೇಪು ತೆಗೆದು, ಮದ್ದನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಆಮೇಲೆಯೇ ಚರೆ (ಸೀಸದ ಸಣ್ಣ ಕಾಳು), ಬಿರಡೆಗಳನ್ನು (ಮದ್ದಿನ ಮೇಲೆ ಒತ್ತುವ ಮುಚ್ಚಳ) ಹೊರತೆಗೆಯಬೇಕು. ಒಣಮದ್ದಿನ ಮೇಲೆ ಕಬ್ಬಿಣದ ಸಲಾಕೆ ಆಡಿಸುವಂತಿಲ್ಲ, ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡುವಂತೆಯೂ ಇಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ದೋಷವಿದೆ. ಸದ್ದು ಸಪ್ಪೆಯಾಗಿ ಬಂದು ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುವುದು. ತಿಳಿಯದೆ ಮುಂದಿನ ಈಡು ಹಾರಿಸಿದರೆ ನಳಿಗೆಯೇ ಸೀಳುತ್ತದೆ. ಇದನ್ನು ಮಿಸ್‌ಫೈರಿನ ಜೊತೆ ಸೇರಿಸಬೇಡಿ.

ನನ್ನ ಸಲಹೆ: ಮಿಸ್‌ಫೈರ್ ಎಂಬ ಪದವನ್ನೇ ಕೈಪಿಡಿಯಿಂದ ತೆಗೆದುಬಿಡಿ. ‘ಹಾರದ ಈಡು’, ‘ತಡವಾಗಿ ಹಾರುವ ಈಡು’, ‘ಸಿಕ್ಕಿಕೊಂಡ ಗುಂಡು’ ಎಂದು ಮೂರನ್ನೂ ಬಿಡಿಸಿ ಹೇಳಿ. ಹೊಸ ಸಂಸ್ಕೃತ ಪದ ಕಟ್ಟುವ ಅಗತ್ಯವಿಲ್ಲ. ‘ಈಡು ಹಾರಲಿಲ್ಲ’ ಎಂದರೆ ಮಲೆನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಪತ್ರಿಕೆಯ ಮಿಸ್‌ಫೈರಿಗೆ ಬಂದರೆ, ಅಲ್ಲಿ ಪದದ ಜೊತೆಗೆ ಕ್ರಿಯಾಪದವನ್ನೂ ನೋಡಬೇಕು. ಹಾರು, ಹಾರಿಸು, ಸಿಡಿ, ಸಿಡಿಸು. ‘ಗುಂಡು ಹಾರಿತು’ ಎಂದಾಗ ಹಾರಿಸಿದವರು ವಾಕ್ಯದಿಂದಲೇ ಹೊರಗೆ. ಮಿಸ್‌ಫೈರ್ ಸೇರಿದರೆ ತಪ್ಪೆಲ್ಲ ಕೋವಿಯದೇ ಎಂಬಂತಾಗುತ್ತದೆ. ಇಂಥ ಸಾವುಗಳ ಹಿಂದೆ ಸಾಮಾನ್ಯವಾಗಿ ಇರುವುದು ಇವು: ಮನೆಗೆ ಬಂದ ಮೇಲೂ ತೋಟಾ ತೆಗೆಯದೆ ಗೋಡೆಗೆ ಒರಗಿಸಿಟ್ಟದ್ದು, ಬೇಲಿ ದಾಟುವಾಗ ಅಥವಾ ಜೀಪಿನಿಂದ ಇಳಿಸುವಾಗ ನಳಿಗೆಯ ಬಾಯಿ ಹಿಡಿದು ತನ್ನತ್ತ ಎಳೆದುಕೊಂಡದ್ದು, ಖಾಲಿ ಎಂದುಕೊಂಡು ಒರೆಸಲು ಕುಳಿತದ್ದು. ಹಳೆಯ ಕುದುರೆ ಕೋವಿಗಳಲ್ಲಿ ಅರ್ಧ ಏರಿಸಿದ ಕುದುರೆಯನ್ನು ಹಿಡಿದಿಡುವ ಕಚ್ಚು ಸವೆದಿದ್ದರೆ ಕೋವಿ ನೆಲಕ್ಕೆ ಬಿದ್ದರೂ ಈಡು ಹಾರುತ್ತದೆ. ಅದು ನಿಜವಾದ ಯಂತ್ರದೋಷ. ಆದರೂ ತುಂಬಿದ ಕೋವಿ ಅಲ್ಲಿ ಏಕಿತ್ತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ನೋಡುವುದೂ ನಿರ್ಲಕ್ಷ್ಯ ಇತ್ತೇ ಇಲ್ಲವೇ ಎಂದು. ಆದ್ದರಿಂದ ಸುದ್ದಿಯಲ್ಲಿ ‘ಕೈಯಲ್ಲಿದ್ದ ಕೋವಿಯಿಂದ ಆಕಸ್ಮಿಕವಾಗಿ ಗುಂಡು ಹಾರಿ’ ಎನ್ನಬಹುದು. ತನಿಖೆ ಮುಗಿಯುವ ಮುನ್ನ ‘ಮಿಸ್‌ಫೈರ್ ಆಗಿ’ ಎಂದು ಬರೆಯುವುದು ತೀರ್ಪು ಕೊಟ್ಟಂತೆ.

ಇನ್ನು ಎರಡನೆಯ ಪ್ರಶ್ನೆ. ಒಂದರ ಬದಲು ಇನ್ನೊಂದು ಹಾಕಲಾಗದು. ತೋಟಾ, ಕಾಡತೂಸು ಎರಡೂ ಇಡೀ ಪೊಟ್ಟಣಕ್ಕೆ ಹೆಸರು: ಬುಡ, ಕೇಪು, ಮದ್ದು, ಬಿರಡೆ, ಚರೆ ಎಲ್ಲ ಸೇರಿ. ಗುಂಡು ಎಂದರೆ ನಳಿಗೆಯಿಂದ ಹೊರಹೋಗುವ ಒಂಟಿ ಸೀಸ. ಹಲವು ಸಣ್ಣ ಕಾಳುಗಳಿದ್ದರೆ ಅವು ಚರೆ. ಈಡು ವಸ್ತುವಲ್ಲ, ಒಂದು ಸಲದ ಹೊಡೆತ; ‘ಇಡು’ ಧಾತುವಿನಿಂದ ಬಂದದ್ದು, ಕೇಪಿನ ಕೋವಿಯಲ್ಲಿ ಒಂದು ಸಲಕ್ಕೆ ತುಂಬಿದ ಮದ್ದು ಚರೆಗೂ ಹೇಳುತ್ತಾರೆ. ‘ಸ್ಥಳದಲ್ಲಿ ಮೂರು ಗುಂಡು ಸಿಕ್ಕವು’ ಎಂಬ ವರದಿಯಿಂದ ಹಾರಿದ ಸೀಸ ಸಿಕ್ಕಿತೋ, ಖಾಲಿ ತೋಟಾ ಸಿಕ್ಕಿತೋ, ಬಳಸದ ತೋಟಾ ಸಿಕ್ಕಿತೋ ಹೇಳಲಾಗದು. ತನಿಖೆಗೆ ಮೂರೂ ಬೇರೆ ಬೇರೆ ಸಾಕ್ಷ್ಯ. ಬಯಲುಸೀಮೆಯ ಕಡೆ ತೋಟಾ ಎಂದೊಡನೆ ಕಲ್ಲುಗಣಿಯ ಸಿಡಿಮದ್ದು ನೆನಪಾಗುವುದುಂಟು, ಹಾಗಾಗಿ ಮೊದಲ ಸಲ ‘ಕೋವಿಯ ತೋಟಾ’ ಎನ್ನಿ. ‘ಕೋವಿಗೆ ಗುಂಡು ಹಾಕಿ’ ಎಂಬ ಬಳಕೆಯನ್ನೂ ಬಿಡುವುದು ಒಳ್ಳೆಯದು. ಆಡುಮಾತಿನಲ್ಲಿ ಗುಂಡು ಹಾಕುವುದು ಹೆಂಡ ಕುಡಿಯುವುದಕ್ಕೆ ನಿಂತುಹೋಗಿದೆ. ‘ತುಂಬು’ ಸಾಕು: ತುಂಬಿದ ಕೋವಿ, ಖಾಲಿ ಕೋವಿ.

ಮತ್ತೊಂದು ಉತ್ತರ, ಕೊಡಗಿನಿಂದ

ಮೇಲಿನ ಉತ್ತರ ಬರೆದ ಹಿರಿಯರಿಗೆ ಧನ್ಯವಾದ. ಠೇವಣಿಯ ವಿಷಯದಲ್ಲಿ ಕೇಳಿದವರ ಅನುಮಾನ ಸರಿಯಾಗಿದೆ. ಚುನಾವಣೆಯ ಕಾಲದಲ್ಲಿ ಠೇವಣಿ ಎಂದರೆ ಮೊದಲು ನೆನಪಾಗುವುದು ಅಭ್ಯರ್ಥಿ ಕಟ್ಟುವ ಹಣ, ಆತ ಅದನ್ನು ಕಳೆದುಕೊಳ್ಳುವುದು. ಅದೇ ತಿಂಗಳಲ್ಲಿ ‘ಕೋವಿ ಠೇವಣಿ ಇಡಿ’ ಎಂಬ ಪ್ರಕಟಣೆ ಬಂದರೆ, ಹಣ ಕಟ್ಟಬೇಕೇ, ಕೋವಿ ಮುಟ್ಟುಗೋಲಾಗುತ್ತದೆಯೇ ಎಂಬ ಭಯ ಸಹಜ. ‘ಒಪ್ಪಿಸಿ’ ಎಂಬುದರಲ್ಲಿ ಶರಣಾಗತಿಯ ಧ್ವನಿಯಿದೆ. ‘ಠಾಣೆಯಲ್ಲಿ ಇಟ್ಟು ರಸೀದಿ ಪಡೆಯಿರಿ, ಚುನಾವಣೆ ಮುಗಿದ ಮೇಲೆ ರಸೀದಿ ತೋರಿಸಿ ವಾಪಸ್ ಪಡೆಯಿರಿ’ ಎಂದು ಎರಡು ವಾಕ್ಯ ಬರೆದರೆ ಸಂಶಯ ಉಳಿಯದು. ರಸೀದಿಯಲ್ಲಿ ಕೋವಿಯ ನಂಬರು, ಒಂಟಿ ನಳಿಗೆಯೋ ಜೋಡು ನಳಿಗೆಯೋ, ತೋಟಾಗಳ ಲೆಕ್ಕ ಇವೆಯೇ ಎಂದು ಅಲ್ಲೇ ನೋಡಿಕೊಳ್ಳಲು ತಿಳಿಸಿ. ಪರವಾನಗಿ ಇರುವ ಎಲ್ಲರೂ ಕಣ್ಣುಮುಚ್ಚಿ ಇಡಲೇಬೇಕೆಂದಲ್ಲ, ಯಾರು ಇಡಬೇಕೆಂದು ಪರಿಶೀಲಿಸಲು ಜಿಲ್ಲಾ ಮಟ್ಟದ ಸಮಿತಿ ಇರುತ್ತದೆ. ಕೈಪಿಡಿ ಅದನ್ನೂ ಹೇಳಲಿ.

ಇನ್ನೊಂದು ಕೋರಿಕೆ. ‘ಪರವಾನಗಿ ಇಲ್ಲದ ಕೋವಿ’ ಮತ್ತು ‘ಅಕ್ರಮ ಕೋವಿ’ ಇವನ್ನು ಒಂದೇ ಎಂಬಂತೆ ಬರೆಯಬೇಡಿ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಈಗಿನ ಕಾಯ್ದೆಯ 41ನೇ ಕಲಂ ಅಡಿ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಇದು ಜಿಲ್ಲೆಯಲ್ಲಿ ವಾಸಿಸುವ ಎಲ್ಲರಿಗೂ ಅಲ್ಲ. ಉಳಿದವರಿಗೆ ಬೇರೆಡೆಯಂತೆಯೇ ಪರವಾನಗಿ ಬೇಕು. ಹಾಗಾಗಿ ಪದಗಳು ಮೂರಾಗಬೇಕು: ಪರವಾನಗಿ ಕೋವಿ, ವಿನಾಯಿತಿ ಕೋವಿ, ಅಕ್ರಮ ಕೋವಿ. ವಿನಾಯಿತಿ ಇರುವುದು ಪರವಾನಗಿಯ ಶರತ್ತಿನಿಂದ ಮಾತ್ರ, ಎಚ್ಚರದಿಂದ ಅಲ್ಲ. ನಿರ್ಲಕ್ಷ್ಯದ ಕಲಂಗಳು ಎಲ್ಲರಿಗೂ ಒಂದೇ.

ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಆಯುಧಗಳ ಜೊತೆ ಪೂಜೆಗಿಡುವ, ಸುಗ್ಗಿಯ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಈಡು ಹಾರಿಸುವ ಕೋವಿ ಇಲ್ಲಿ ಮನೆತನದ ವಸ್ತು. ಕೊಡವ ಭಾಷೆಯಲ್ಲಿ ಅದು ತೋಕ್. ಇದಕ್ಕೆ ಕನ್ನಡದ ಬಂದೂಕು ಎಂಬ ಪದ ಹೊಂದುವುದಿಲ್ಲ, ಅದರಲ್ಲಿ ಪೊಲೀಸು, ಪಡೆ, ದರೋಡೆಯ ನೆನಪೇ ಹೆಚ್ಚು. ಕೈಪಿಡಿಯುದ್ದಕ್ಕೂ ‘ಕೋವಿ’ ಇರಲಿ.

ಕೊನೆಯದಾಗಿ

‘ಕೋವಿ ಧರಿಸು’ ಎಂದು ಕರಡಿನಲ್ಲಿ ಇದ್ದರೆ ತಿದ್ದಿ. ಧರಿಸುವುದು ಎಂದರೆ ನಾಲ್ಕು ಜನಕ್ಕೆ ಕಾಣುವಂತೆ ತೊಡುವುದು. 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಸ್ಥಳದಲ್ಲಿ ಬಯಸುವುದು ಅದರ ಎದುರನ್ನು: ಉದ್ದ ಕೋವಿ ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಹತೋಟಿ ಒಯ್ಯುವವರ ಕೈಯಲ್ಲೇ ಇರಬೇಕು, ಎತ್ತಿ ತೋರಿಸುವಂತಿಲ್ಲ. ಆದ್ದರಿಂದ ‘ಒಯ್ಯು’ ಸರಿ. ಮನೆಯಲ್ಲಿರುವುದಕ್ಕೆ ‘ಇಟ್ಟುಕೊಳ್ಳು’, ಹಾರಿಸುವುದಕ್ಕೆ ‘ಬಳಸು’. ಕಾಯ್ದೆಯಲ್ಲಿ ಮೂರೂ ಬೇರೆ.

ಒಯ್ಯುವುದರ ಬಗ್ಗೆ ನಮ್ಮಲ್ಲಿ ಎರಡು ಮನಸ್ಸಿದೆ, ಅದು ಪದಗಳಲ್ಲೂ ಕಾಣುತ್ತದೆ. ‘ಗನ್‌ಮ್ಯಾನ್’ ಎಂದರೆ ಕನ್ನಡದಲ್ಲಿ ಹಂತಕನಲ್ಲ, ಗಣ್ಯರ ಹಿಂದೆ ನಿಲ್ಲುವ ಅಂಗರಕ್ಷಕ. ಆತ ಇದ್ದರೆ ಅಂತಸ್ತು. ಅದೇ ಕೋವಿ ಊರಿನ ಸಾಮಾನ್ಯನ ಹೆಗಲ ಮೇಲೆ ಕಂಡರೆ ಅನುಮಾನ. ಮದುವೆ ಮೆರವಣಿಗೆಯಲ್ಲಿ ಮೇಲಕ್ಕೆ ಹಾರಿಸುವುದನ್ನು ‘ಗಾಳಿಯಲ್ಲಿ ಗುಂಡು’ ಎಂದು ಹಗುರಾಗಿ ಬರೆಯುತ್ತಾರೆ. ಪೊಲೀಸರು ಎಚ್ಚರಿಕೆಗೆ ಹಾರಿಸುವುದಕ್ಕೂ ಅದೇ ಮಾತು. ಮೊದಲನೆಯದಕ್ಕೆ ‘ಸಂಭ್ರಮದ ಗುಂಡು’ ಎಂದು ಪ್ರತ್ಯೇಕ ಹೆಸರು ಕೊಡಿ. 2019ರ ತಿದ್ದುಪಡಿಯಲ್ಲಿ ಅದು ಪ್ರತ್ಯೇಕ ಅಪರಾಧ: ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸಜೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ತಿದ್ದುಪಡಿಯಿಂದ ಪರವಾನಗಿಯ ಅವಧಿ 3ರಿಂದ 5 ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು 3ರಿಂದ 2ಕ್ಕೆ ಇಳಿದಿವೆ. ಕೈಪಿಡಿಯ ಮೂಲ ಅದಕ್ಕಿಂತ ಹಳೆಯದಾಗಿದ್ದರೆ ಆ ಅಂಕಿಗಳನ್ನು ಅಚ್ಚಿಗೆ ಮುನ್ನ ಬದಲಿಸಿ.